ಜವಾಬಿಗೆ ಸಿಕ್ಕ ಕಾಲ: ಆರೋಪಿಯ ಪ್ರತಿವಾದ ಸಿದ್ಧತೆಯ ಹಕ್ಕು ಮತ್ತು ಕಲಬುರಗಿ ಸೀಮೆಯ ಅನುಭವ

ಕಲಬುರಗಿ ಸೀಮೆಯ ಆಡುನುಡಿಯಲ್ಲಿ ಕಾಲಾವಕಾಶವನ್ನು ಸೂಚಿಸುವ ಪದಗಳು ಹಲವು. ಗಡುವು, ವಾಯಿದೆ, ಮುದ್ದತ್ತು, ತಾರೀಖು, ಪೇಶಿ ಮೊದಲಾದವು ನಿತ್ಯ ಬಳಕೆಯಲ್ಲಿವೆ. ಇವುಗಳಲ್ಲಿ ಹೆಚ್ಚಿನವು ಅರಬ್ಬಿ-ಫಾರಸಿ ಮೂಲದವು. ನಿಜಾಮರ ಆಳ್ವಿಕೆಯ ಕಚೇರಿಗಳಿಂದ ಹೊರಟು ಹೊಲ, ಸಂತೆ, ಬೀಗತನದ ಮಾತುಕತೆಗಳವರೆಗೆ ಹರಡಿದವು. ಈ ಪದಗಳು ಸಮಾನಾರ್ಥಕಗಳಂತೆ ತೋರಿದರೂ ಅವುಗಳ ನಡುವೆ ಒಂದು ಸೂಕ್ಷ್ಮವಾದ ಭೇದವಿದೆ. ಗಡುವು ಎಂಬುದು ಹಾಕುವವನ ಕಾಲ. ಅದರೊಳಗೆ ಸಾಲ ತೀರಿಸಬೇಕು, ಹಾಜರಾಗಬೇಕು. ದಖನಿ ಮಾತಿನ ಮೊಹಲತ್ ಎಂಬುದು ಕೇಳುವವನ ಕಾಲ. ತನ್ನ ಕೆಲಸ ಪೂರೈಸಿಕೊಳ್ಳಲು ಅವನಿಗೆ ಬೇಕಾದ ಬಿಡುವು. ನ್ಯಾಯಾಲಯದ ವ್ಯವಹಾರದಲ್ಲಿ ಮೊದಲನೆಯದಕ್ಕೆ ಯಾವಾಗಲೂ ಕೊರತೆಯಿಲ್ಲ. ಎರಡನೆಯದು ಹಕ್ಕಾಗಿ ಮಾನ್ಯವಾದದ್ದು ತೀರಾ ಈಚೆಗೆ.

ಆರೋಪಿಗೂ ಅವನ ಪರ ವಾದಿಸುವವರಿಗೂ ಸಿದ್ಧತೆಗಾಗಿ ಸಾಕಷ್ಟು ಕಾಲವೂ ಸೌಲಭ್ಯವೂ ದೊರೆಯಬೇಕೆಂಬುದು ಇಂದು ಅಂತರರಾಷ್ಟ್ರೀಯ ನ್ಯಾಯದ ಮೂಲತತ್ತ್ವಗಳಲ್ಲೊಂದು. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 14ನೆಯ ವಿಧಿ ಇದನ್ನು ಹೇಳುತ್ತದೆ. ಈ ಒಡಂಬಡಿಕೆಗೆ ಭಾರತವು 1979ರಲ್ಲಿ ಸೇರಿತು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ 1998ರ ರೋಮ್ ಶಾಸನದ 67ನೆಯ ವಿಧಿಯೂ ಇದೇ ಮಾತನ್ನು ಹೇಳುತ್ತದೆ. ಭಾರತ ಆ ಶಾಸನಕ್ಕೆ ಸಹಿ ಹಾಕಿಲ್ಲ. ಎರಡು ಕಡೆಯೂ 'ಕಾಲ' ಮತ್ತು 'ಸೌಲಭ್ಯ' ಎಂಬ ಪದಗಳು ಜೊತೆಯಾಗಿಯೇ ಬಂದಿರುವುದು ಗಮನಾರ್ಹ. ದಾಖಲೆಗಳನ್ನು ಕೊಡದೆ ಬರಿಯ ದಿನಗಳನ್ನು ಕೊಟ್ಟರೆ ಪ್ರಯೋಜನವಿಲ್ಲ. ದಾಖಲೆಗಳ ಹೊರೆಯನ್ನು ಕೊಟ್ಟು ಓದಲು ದಿನ ಕೊಡದಿದ್ದರೂ ಪ್ರಯೋಜನವಿಲ್ಲ. ಈ ತತ್ತ್ವದ ಇತಿಹಾಸವನ್ನು ನ್ಯೂರೆಂಬರ್ಗ್ ಮತ್ತು ಹೇಗ್ ನಗರಗಳಿಂದ ಆರಂಭಿಸುವುದು ರೂಢಿ. ಆದರೆ ಹಳೆಯ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಕಲಬುರಗಿ ಸೀಮೆಗೆ ಇದೇ ಪ್ರಶ್ನೆಯ ಸ್ವಂತ ಅನುಭವವೊಂದಿದೆ. ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದೆ ಈ ಪ್ರಶ್ನೆ ಮೊದಮೊದಲು ಬಂದುದು ಹೈದರಾಬಾದಿನ ಪ್ರಕರಣಗಳಿಂದಲೇ.

ದೂರವೂ ಕಾಲವೂ

ಕಲಬುರಗಿ ನಗರದ ಅಂಚಿನಲ್ಲಿರುವ ತಾಜಸುಲ್ತಾನಪುರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಈ ಗ್ರಾಮ ಕದಲಿಲ್ಲ. ಆದರೆ ಅದಕ್ಕೂ ಉಚ್ಚ ನ್ಯಾಯಾಲಯಕ್ಕೂ ಇರುವ ಅಂತರ ಎರಡು ಬಾರಿ ಬದಲಾಯಿತು. 1956ರವರೆಗೆ ಗುಲಬರ್ಗಾ ಜಿಲ್ಲೆಯ ಮೇಲ್ಮನವಿಗಳು ಹೈದರಾಬಾದಿಗೆ ಹೋಗುತ್ತಿದ್ದವು. ದಾರಿ ಇನ್ನೂರಿಪ್ಪತ್ತು ಕಿಲೋಮೀಟರಿನಷ್ಟು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಆ ನ್ಯಾಯಾಲಯ ಬೆಂಗಳೂರಿನಲ್ಲಿತ್ತು. ದಾರಿ ಆರುನೂರು ಕಿಲೋಮೀಟರಿನ ಸನಿಹಕ್ಕೆ ಬೆಳೆಯಿತು. ಏಕೀಕರಣದ ಸಂತೋಷದಲ್ಲಿ ಈ ಲೆಕ್ಕವನ್ನು ಹೆಚ್ಚು ಜನ ಹಾಕಿದಂತಿಲ್ಲ. 2008ರ ಜುಲೈಯಲ್ಲಿ ಗುಲಬರ್ಗಾದಲ್ಲಿ ಸಂಚಾರಿ ಪೀಠ ಆರಂಭವಾಯಿತು. 2013ರ ಆಗಸ್ಟ್‌ನಲ್ಲಿ ಅದು ಕಾಯಂ ಪೀಠವಾಯಿತು. ಐವತ್ತೆರಡು ವರ್ಷಗಳ ಕಾಲ, ಸೆರೆಯಲ್ಲಿದ್ದವನ ತಂದೆಯೋ ಅಣ್ಣನೋ ವಕೀಲರಿಗೆ ಒಂದು ಕಾಗದ ಮುಟ್ಟಿಸಲು ಒಂದು ರಾತ್ರಿಯ ಪ್ರಯಾಣ ಮಾಡಬೇಕಾಗಿತ್ತು. ಮರಳಲು ಇನ್ನೊಂದು ರಾತ್ರಿ. ಕಾನೂನಿನ ಪುಸ್ತಕದಲ್ಲಿ ಹದಿನೈದು ದಿನವೆಂದು ಬರೆದಿದ್ದರೆ ಬೆಂಗಳೂರಿನವನಿಗೆ ಅದು ಹದಿನೈದು ದಿನ, ಆಳಂದ ಅಥವಾ ಕಮಲಾಪುರದ ಕಡೆಯವನಿಗೆ ಅದಕ್ಕಿಂತ ಕಡಿಮೆ. ಪೀಠಕ್ಕಾಗಿ ಈ ಭಾಗದ ವಕೀಲರು ದೀರ್ಘಕಾಲ ಹೋರಾಡಿದುದನ್ನು ಪ್ರಾದೇಶಿಕ ಅಭಿಮಾನವೆಂದಷ್ಟೇ ನೋಡುವುದು ಸರಿಯಲ್ಲ. ಅದರೊಳಗೆ ಪ್ರತಿವಾದದ ಕಾಲದ ಪ್ರಶ್ನೆಯೂ ಅಡಗಿತ್ತು.

ಭಾಷೆಯ ಪ್ರಶ್ನೆಯೂ ಇದರೊಡನೆ ಸೇರಿಕೊಂಡಿದೆ. ನಿಜಾಮ ಸಂಸ್ಥಾನದಲ್ಲಿ ಕಚೇರಿಯ ಭಾಷೆ ಉರ್ದು. ಕನ್ನಡ, ಮರಾಠಿ ಅಥವಾ ತೆಲುಗು ಆಡುವ ಒಕ್ಕಲಿಗ ತನ್ನ ಮೇಲಿನ ಆರೋಪವೇನೆಂದು ತಿಳಿಯಲು ಮೊದಲು ಓದಿ ಹೇಳುವವನೊಬ್ಬನನ್ನು ಹುಡುಕಬೇಕಾಗಿತ್ತು. ಮಿಸಲು, ನಕಲು, ರುಜುವಾತು, ಜವಾಬು, ಮುಚ್ಚಳಿಕೆ ಎಂಬ ಪದಗಳು ಕನ್ನಡಿಗರ ಬಾಯಲ್ಲಿ ಇಷ್ಟು ಗಟ್ಟಿಯಾಗಿ ನೆಲೆಸಿರುವುದಕ್ಕೆ ಅವು ಬೇಡವೆಂದರೂ ಕಲಿಯಲೇಬೇಕಾದ ಪದಗಳಾಗಿದ್ದುದೂ ಒಂದು ಕಾರಣ. ತಿಳಿಯುವ ಭಾಷೆಯಲ್ಲಿ ಆರೋಪವನ್ನು ತಿಳಿಸಬೇಕೆಂಬ ನಿಯಮ ಇಂದು ಒಡಂಬಡಿಕೆಯ ಅದೇ 14ನೆಯ ವಿಧಿಯಲ್ಲಿ ಸಿದ್ಧತೆಯ ಕಾಲದ ನಿಯಮಕ್ಕಿಂತ ಮೊದಲು ಬರುತ್ತದೆ. ಈ ಕ್ರಮ ಸಹಜವಾದದ್ದು, ಏಕೆಂದರೆ ಅರ್ಥವಾಗದ ಕಾಗದವನ್ನು ಹಿಡಿದು ಕಳೆದ ದಿನವನ್ನು ಸಿದ್ಧತೆಯ ದಿನವೆಂದು ಎಣಿಸಲಾಗದು.

ಜನಪದದಲ್ಲಿ ಕಾಲದ ಬೇಡಿಕೆ

ಶಿಕ್ಷೆ ಖಚಿತವಾದ ಮೇಲೆ ಕಾಲ ಕೇಳುವ ಪ್ರಸಂಗ ಕನ್ನಡ ಜನಪದಕ್ಕೆ ಚೆನ್ನಾಗಿ ಪರಿಚಿತ. ಗೋವಿನ ಹಾಡಿನ ಪುಣ್ಯಕೋಟಿ ಹುಲಿಯಿಂದ ಪಡೆದದ್ದು ಇಂಥ ಬಿಡುವನ್ನೇ. ಆದರೆ ಅವಳು ಕೇಳಿದ್ದು ಕರುವಿಗೆ ಹಾಲೂಡಿಸಿ ಬರುವುದಕ್ಕಾಗಿ. ತಾನು ತಪ್ಪಿತಸ್ಥೆಯಲ್ಲವೆಂದು ವಾದಿಸುವುದು ಅವಳ ಉದ್ದೇಶವಾಗಿರಲಿಲ್ಲ. ಅಲ್ಲಿ ಕಾಲವು ಕೃಪೆಯಾಗಿ ದೊರೆಯುತ್ತದೆ, ಮಾತಿಗೆ ತಪ್ಪದೆ ಮರಳುವುದರಿಂದ ಅದರ ಋಣ ತೀರುತ್ತದೆ. ಹಕ್ಕಿನ ಕಲ್ಪನೆ ಆ ಕಥೆಯಲ್ಲಿಲ್ಲ. ಹುಡುಕಿದರೆ ಅದು ಊರಿನ ಪಂಚಾಯಿತಿಯಲ್ಲಿ ಸಿಗಬಹುದು. ಉತ್ತರ ಕರ್ನಾಟಕದಲ್ಲಿ ಊರ ಹಿರಿಯರ ಕೂಟವನ್ನು 'ದೈವ' ಎಂದು ಕರೆಯುವುದು ವಾಡಿಕೆ. ದೈವ ಕೂಡಿದಾಗ ದೂರಿಗೆ ಒಳಗಾದವನು ತನ್ನ ಹಿರಿಯರು ಬರಲಿ, ಸಾಕ್ಷಿಯವನು ಪರಊರಿನಿಂದ ಬರಲಿ ಎಂದು ಮುದ್ದತ್ತು ಕೇಳುವುದುಂಟು. ಹಾಗೆ ಕೇಳಿದವನನ್ನು ತಪ್ಪೊಪ್ಪಿದವನೆಂದು ಯಾರೂ ತಿಳಿಯುವುದಿಲ್ಲ. ಜಾತಿ ಮತ್ತು ಸಿರಿತನಗಳು ಇಂಥ ಕೂಟಗಳಲ್ಲಿ ಮಾಡಿದ ಅನ್ಯಾಯವನ್ನು ಮರೆಯಲಾಗದು. ದೈವವನ್ನು ಆದರ್ಶ ನ್ಯಾಯಾಲಯವೆಂದು ಚಿತ್ರಿಸುವ ಬರಹಗಳು ಕೆಳಜಾತಿಯವರನ್ನು ಕೇಳಿ ಬರೆದವುಗಳಲ್ಲ. ಆದರೂ ಕಾಲ ಕೇಳುವುದು ಅಪರಾಧದ ಗುರುತಲ್ಲವೆಂಬ ತಿಳಿವಳಿಕೆ ಅಲ್ಲಿತ್ತು.

1857-58ರ ಪ್ರಸಂಗಗಳು ಇದರ ಇನ್ನೊಂದು ತುದಿಯನ್ನು ತೋರಿಸುತ್ತವೆ. ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಒಪ್ಪದ ಹಲಗಲಿಯ ಬೇಡರ ಮೇಲೆ 1857ರ ನವೆಂಬರ್ ಕೊನೆಯಲ್ಲಿ ಕಂಪನಿಯ ದಂಡು ಬಂತು. ಡಿಸೆಂಬರ್ 11ರಂದು ಮುಧೋಳದಲ್ಲಿ ಹದಿಮೂರು ಜನರನ್ನೂ 14ರಂದು ಹಲಗಲಿಯಲ್ಲೇ ಆರು ಜನರನ್ನೂ ಗಲ್ಲಿಗೇರಿಸಲಾಯಿತು. ದಾಳಿಯಿಂದ ನೇಣಿನವರೆಗೆ ಎರಡು ವಾರ. ಈ ಘಟನೆಯ ಲಾವಣಿಯನ್ನು ಜೆ. ಎಫ್. ಫ್ಲೀಟ್ ಸಂಗ್ರಹಿಸಿ 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿದನು. ಲಾವಣಿಯ ಜೋಡಣೆ ವಿಚಾರಾರ್ಹವಾಗಿದೆ. ಸರ್ಕಾರಿ ಕಾಗದಗಳು ಕೃತ್ಯದಿಂದ ಆರಂಭವಾಗಿ ಶಿಕ್ಷೆಯಲ್ಲಿ ಮುಗಿಯುತ್ತವೆ. ಲಾವಣಿಯಾದರೋ ಆಜ್ಞೆಯಿಂದ ಆರಂಭವಾಗುತ್ತದೆ, ಆಯುಧ ಕೊಡಲು ಏಕೆ ಮನಸ್ಸಾಗಲಿಲ್ಲವೆಂಬುದನ್ನು ಹೇಳುತ್ತದೆ, ಕಾದಾಟವನ್ನು ವರ್ಣಿಸುತ್ತದೆ, ಅನಂತರ ಊರಿನಿಂದ ದಂಡಿನವರು ದೋಚಿದ ವಸ್ತುಗಳನ್ನು ಒಂದೊಂದಾಗಿ ಎಣಿಸುತ್ತದೆ. ಮನೆಬಳಕೆಯ ಸಣ್ಣಪುಟ್ಟ ಪದಾರ್ಥಗಳೂ ಆ ಎಣಿಕೆಯಿಂದ ತಪ್ಪಿಲ್ಲ. ಪಠ್ಯಪುಸ್ತಕಗಳಲ್ಲಿ ಈ ಭಾಗವನ್ನು ಕರುಣರಸದ ಉದಾಹರಣೆಯಾಗಿ ಬೋಧಿಸುತ್ತಾರೆ. ಒಬ್ಬ ವಕೀಲನು ನೋಡಿದರೆ ಅದನ್ನು ಪ್ರಚೋದನೆಯ ವಿವರಣೆ ಮತ್ತು ಹಾನಿಯ ಪಟ್ಟಿ ಎಂದಾನು. ವಿಚಾರಣೆಯಲ್ಲಿ ಹೇಳಲು ಎಡೆಯೇ ಸಿಗದ ಜವಾಬು ಹಾಡಾಗಿ ಉಳಿಯಿತೆಂದು ತಿಳಿಯಲು ಇಲ್ಲಿ ಆಧಾರವಿದೆ.

ಸುರಪುರದ ರಾಜಾ ವೆಂಕಟಪ್ಪ ನಾಯಕನ ಪ್ರಕರಣ ಕಲಬುರಗಿಗೆ ಇನ್ನೂ ಹತ್ತಿರದ್ದು. 2010ರವರೆಗೆ ಸುರಪುರವು ಗುಲಬರ್ಗಾ ಜಿಲ್ಲೆಯಲ್ಲಿಯೇ ಇತ್ತು. 1858ರ ಫೆಬ್ರವರಿಯಲ್ಲಿ ಕಾಳಗವಾಯಿತು. ರಾಜನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕನು. ಸೈನಿಕ ನ್ಯಾಯಮಂಡಳಿ ಮರಣದಂಡನೆ ವಿಧಿಸಿತು. ರೆಸಿಡೆಂಟ್ ಡೇವಿಡ್ಸನ್ ಅದನ್ನು ದೇಶಾಂತರದ ಶಿಕ್ಷೆಗೆ ಇಳಿಸಿದನು. ಗವರ್ನರ್ ಜನರಲ್ ಅದನ್ನು ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆಗೆ ಇಳಿಸಿದನು. ಅಲ್ಲಿಗೆ ಒಯ್ಯುವ ದಾರಿಯಲ್ಲಿ ಗುಂಡು ತಗಲಿ ರಾಜನು ಸತ್ತನು. ಬಾಲ್ಯದಲ್ಲಿ ಅವನ ಮೇಲ್ವಿಚಾರಕನಾಗಿದ್ದ ಮೆಡೋಸ್ ಟೇಲರ್ ಬರೆದ ಆತ್ಮಕಥೆಯು ಸೆರೆಮನೆಯ ಭೇಟಿಯನ್ನು ಮನಮಿಡಿಯುವಂತೆ ಹೇಳುತ್ತದೆ, ಆದರೆ ವಿಚಾರಣೆಯ ನಡಾವಳಿಗೆ ಅಲ್ಲಿ ಅಷ್ಟು ಜಾಗವಿಲ್ಲ. ಮರಣದಿಂದ ನಾಲ್ಕು ವರ್ಷದ ಸೆರೆಯವರೆಗೆ ಶಿಕ್ಷೆ ಇಷ್ಟು ಬೇಗ ಇಳಿದುದೇ, ಮೊದಲ ತೀರ್ಪಿನ ವೇಳೆ ರಾಜನ ಪರವಾಗಿ ಹೇಳಬೇಕಾದದ್ದು ಬಹಳವಿತ್ತೆಂಬುದಕ್ಕೆ ಪುರಾವೆ. ಅದನ್ನು ಹೇಳಿದುದು ತೀರ್ಪಿನ ಅನಂತರ, ನ್ಯಾಯಾಲಯದ ಹೊರಗೆ, ಅಧಿಕಾರಿಗಳ ನಡುವಿನ ಕಾಗದಗಳಲ್ಲಿ. ಕ್ಷಮೆಯು ಪ್ರತಿವಾದದ ಸ್ಥಾನವನ್ನು ತುಂಬಿದಂತೆ ಕಾಣುತ್ತದೆ, ಆದರೆ ಅದು ಪುಣ್ಯಕೋಟಿಗೆ ದೊರೆತಂಥ ಕೃಪೆಯೇ ಹೊರತು ಬೇರೆಯಲ್ಲ.

ಹೈದರಾಬಾದಿನ ವಿಶೇಷ ನ್ಯಾಯಮಂಡಳಿಗಳು

1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯ ಅನಂತರ ಹೈದರಾಬಾದ್ ಸಂಸ್ಥಾನವು ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಸೈನಿಕ ಆಡಳಿತಕ್ಕೆ ಒಳಪಟ್ಟಿತು. ಆ ಆಡಳಿತವು ಹೊರಡಿಸಿದ ನಿಯಮದ ಮೇರೆಗೆ ವಿಶೇಷ ನ್ಯಾಯಮಂಡಳಿಗಳು ಸ್ಥಾಪನೆಯಾದವು. ಅವುಗಳ ಮುಂದೆ ಎರಡು ಬಗೆಯ ಆರೋಪಿಗಳು ಬಂದರು. ಒಂದು ಕಡೆ ರಜಾಕಾರ ನಾಯಕರು ಮತ್ತು ನಿಜಾಮನ ಆಡಳಿತದ ಅಧಿಕಾರಿಗಳು. ಇನ್ನೊಂದು ಕಡೆ ತೆಲಂಗಾಣದ ರೈತ ಹೋರಾಟಕ್ಕೆ ಸೇರಿದವರು. ಪರಸ್ಪರ ಶತ್ರುಗಳಾಗಿದ್ದ ಈ ಎರಡೂ ಗುಂಪುಗಳನ್ನು ಒಂದೇ ನಿಯಮ, ಒಂದೇ ಬಗೆಯ ಮಂಡಳಿಗಳು ವಿಚಾರಿಸಿದವು. ಪ್ರತಿವಾದದ ಹಕ್ಕಿನ ಅಭ್ಯಾಸಿಗೆ ಇದಕ್ಕಿಂತ ಉಪಯುಕ್ತವಾದ ಸಾಮಗ್ರಿ ದೊರೆಯುವುದು ಕಷ್ಟ.

ಈ ಮಂಡಳಿಗಳು ಅನುಸರಿಸಿದುದು ಮ್ಯಾಜಿಸ್ಟ್ರೇಟರ ಮುಂದೆ ವಾರಂಟ್ ಪ್ರಕರಣಗಳನ್ನು ನಡೆಸುವ ಕ್ರಮವನ್ನು. ಸಾಮಾನ್ಯ ಸೆಷನ್ಸ್ ವಿಚಾರಣೆಗೆ ಮೊದಲು ಆಗ ಒಂದು ಒಪ್ಪಿಸುವಿಕೆಯ ಹಂತವಿತ್ತು. ಮ್ಯಾಜಿಸ್ಟ್ರೇಟರು ಸಾಕ್ಷ್ಯವನ್ನು ಪ್ರಾಥಮಿಕವಾಗಿ ಪರಿಶೀಲಿಸಿ ಪ್ರಕರಣವನ್ನು ಮೇಲಿನ ನ್ಯಾಯಾಲಯಕ್ಕೆ ಒಪ್ಪಿಸುತ್ತಿದ್ದರು. ಹೊರನೋಟಕ್ಕೆ ಇದು ವಿಳಂಬದಂತೆ ತೋರಿದರೂ ಆರೋಪಿಗೆ ಇದರಿಂದ ದೊಡ್ಡ ಲಾಭವಿತ್ತು. ತನ್ನ ವಿರುದ್ಧ ಯಾರು ಏನು ಹೇಳಲಿದ್ದಾರೆ ಎಂಬುದು ಅವನಿಗೆ ಮುಂಚಿತವಾಗಿ ತಿಳಿಯುತ್ತಿತ್ತು, ಎರಡು ಹಂತಗಳ ನಡುವಿನ ವಾರಗಳಲ್ಲಿ ಜವಾಬು ಸಿದ್ಧವಾಗುತ್ತಿತ್ತು. ಈ ಹಂತ ಇಲ್ಲದಾದಾಗ ಹೋದುದು ಈ ಬಿಡುವು. ರಜಾಕಾರರ ಮುಖಂಡನಾದ ಲಾತೂರಿನ ವಕೀಲ ಸೈಯದ್ ಕಾಸಿಂ ರಜ್ವಿಯ ಪ್ರಕರಣದಲ್ಲಿ 1953ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಬಹುಮತವು, ವಿಧಾನ ಬೇರೆಯಾದರೂ ಆರೋಪಿಗೆ ಸಾಮಾನ್ಯ ವಿಚಾರಣೆಯ ಸಾರವು ಬಹುಮಟ್ಟಿಗೆ ದೊರೆತಿದೆಯೆಂದು ತೀರ್ಮಾನಿಸಿತು. ರಜ್ವಿಯು ಶಿಕ್ಷೆ ಅನುಭವಿಸಿ 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದನು.

ತೆಲಂಗಾಣದ ಕೈದಿಗಳ ಪ್ರಕರಣ ಇದಕ್ಕಿಂತ ಮುಂಚಿನದು, ಇಲ್ಲಿನ ವಿಷಯಕ್ಕೆ ಹೆಚ್ಚು ನೇರವಾದದ್ದು. 1949ರ ಆಗಸ್ಟ್‌ನಲ್ಲಿ ಮಂಡಳಿಗಳು ಅವರಿಗೆ ಮರಣದಂಡನೆ ವಿಧಿಸಿದವು; ಡಿಸೆಂಬರಿನಲ್ಲಿ ಹೈದರಾಬಾದ್ ಉಚ್ಚ ನ್ಯಾಯಾಲಯ ಅದನ್ನು ಸ್ಥಿರಪಡಿಸಿತು. ಸಂವಿಧಾನವು ಜಾರಿಗೆ ಬಂದುದು 1950ರ ಜನವರಿ 26ರಂದು. ಕೈದಿಗಳ ಪರವಾಗಿ ವಾದಿಸಲು ಬ್ರಿಟಿಷ್ ವಕೀಲ ಡಿ. ಎನ್. ಪ್ರಿಟ್ ಭಾರತಕ್ಕೆ ಬಂದರು. ವಿಶೇಷ ಅನುಮತಿಯ ಮೇಲ್ಮನವಿಗಳು ಮೊದಲ ಹೊಸ್ತಿಲಲ್ಲೇ ಬಿದ್ದವು. ತೀರ್ಪು ಹೊರಟಾಗ ಹೈದರಾಬಾದಿನ ನ್ಯಾಯಾಲಯಗಳು ಭಾರತದ ಪ್ರದೇಶದೊಳಗಿನ ನ್ಯಾಯಾಲಯಗಳಾಗಿರಲಿಲ್ಲ ಎಂಬುದು ಕಾರಣ. ಒಂದೆರಡು ತಿಂಗಳು ತಡವಾಗಿ ತೀರ್ಪಾಗಿದ್ದರೆ ಬಾಗಿಲು ತೆರೆದಿರುತ್ತಿತ್ತು. ಬೇಗ ಮುಗಿಸಿದ ವಿಚಾರಣೆ ಆರೋಪಿಯಿಂದ ಮೇಲ್ಮನವಿಯ ದಾರಿಯನ್ನೂ ಕಿತ್ತುಕೊಳ್ಳಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಬಳಿಕ ಅವರು ಮೂಲಭೂತ ಹಕ್ಕಿನ ಅರ್ಜಿಯನ್ನು ಸಲ್ಲಿಸಿದರು. ಜನಾರ್ದನ ರೆಡ್ಡಿ ಮತ್ತು ಹೈದರಾಬಾದ್ ರಾಜ್ಯದ ನಡುವಣ ಪ್ರಕರಣವೆಂದು ಪ್ರಸಿದ್ಧವಾದ ಇದರ ತೀರ್ಪು 1951ರ ಮಾರ್ಚ್‌ನಲ್ಲಿ ಹೊರಬಂತು. ವಕೀಲರನ್ನು ನೇಮಿಸಿಕೊಂಡು ಪ್ರತಿವಾದ ನಡೆಸಲು ತಮಗೆ ಅವಕಾಶ ದೊರೆಯಲಿಲ್ಲವೆಂಬುದು ಅರ್ಜಿದಾರರ ಪ್ರಮುಖ ಅಂಶಗಳಲ್ಲೊಂದು. ಅವರು ಆಧಾರವಾಗಿ ಹಿಡಿದುದು ಅಮೆರಿಕದ ಸರ್ವೋಚ್ಚ ನ್ಯಾಯಾಲಯದ 1932ರ ಪೊವೆಲ್ ಪ್ರಕರಣವನ್ನು. ಅಲಬಾಮದ ಕಪ್ಪು ಹುಡುಗರಿಗೆ ವಿಚಾರಣೆಯ ಬೆಳಿಗ್ಗೆ ನೆಪಮಾತ್ರಕ್ಕೆ ವಕೀಲರನ್ನು ಒದಗಿಸಿ ಮರಣದಂಡನೆ ವಿಧಿಸಲಾಗಿತ್ತು. ಆ ತೀರ್ಪನ್ನು ರದ್ದುಪಡಿಸುವಾಗ ಅಮೆರಿಕದ ನ್ಯಾಯಾಲಯವು ಸಿದ್ಧತೆಗೆ ಕಾಲವಿಲ್ಲದ ವಕೀಲನ ನೆರವು ನೆರವೇ ಅಲ್ಲವೆಂಬ ನಿಲುವಿಗೆ ಬಂದಿತ್ತು. ನ್ಯಾಯಮೂರ್ತಿ ಫಜಲ್ ಅಲಿಯವರ ತೀರ್ಪು ಈ ವಾದವನ್ನು ತಳ್ಳಿಹಾಕುವ ಅವಸರ ಮಾಡಲಿಲ್ಲ. ಆರೋಪಿಗಳಿಗೆ ವಕೀಲರನ್ನು ಒದಗಿಸಲು ಮಂಡಳಿಯು ತಾನಾಗಿ ಕ್ರಮ ಕೈಗೊಳ್ಳಬೇಕಾಗಿತ್ತೆಂದು ಅದು ಒಪ್ಪಿತು. ಆದರೆ ಈ ಲೋಪ ಮೇಲ್ಮನವಿಯಲ್ಲಿ ಎತ್ತಬೇಕಾದ ಪ್ರಶ್ನೆಯೇ ಹೊರತು ವಿಚಾರಣೆಯನ್ನು ಶೂನ್ಯವೆನ್ನುವಷ್ಟು ದೊಡ್ಡದಲ್ಲವೆಂದು ಅರ್ಜಿಯನ್ನು ವಜಾ ಮಾಡಿತು. ಮೇಲ್ಮನವಿಯ ದಾರಿ ಮುಚ್ಚಿದೆಯೆಂದು ಅದೇ ನ್ಯಾಯಾಲಯ ಕೆಲವೇ ತಿಂಗಳ ಹಿಂದೆ ಹೇಳಿತ್ತು. ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದರೆ, ತಪ್ಪು ನಡೆದಿರುವುದನ್ನು ನ್ಯಾಯಾಲಯ ಕಂಡಿತು, ಆದರೆ ಅದನ್ನು ತಿದ್ದಲು ನಿಲ್ಲಬೇಕಾದ ನೆಲ ತನ್ನ ಕಾಲಡಿಯಲ್ಲಿಲ್ಲವೆಂದು ಭಾವಿಸಿತು ಎನ್ನಬೇಕಾಗುತ್ತದೆ. ಆ ಕೈದಿಗಳ ಮರಣದಂಡನೆ ಮುಂದೆ ಜೀವಾವಧಿ ಶಿಕ್ಷೆಗೆ ಇಳಿಯಿತು. ಅವರನ್ನು ಉಳಿಸಿದುದೂ ಕೃಪೆಯೇ.

ಆ ನೆಲ ಏಕಿರಲಿಲ್ಲ ಎಂಬುದಕ್ಕೆ ಉತ್ತರ ಸಂವಿಧಾನ ರಚನೆಯ ಇತಿಹಾಸದಲ್ಲಿದೆ, ಅದರಲ್ಲಿ ಒಬ್ಬ ಕನ್ನಡ ನಾಡಿನವರ ಪಾತ್ರವೂ ಇದೆ. ಮಂಗಳೂರಿನಲ್ಲಿ 1887ರಲ್ಲಿ ಜನಿಸಿದ ಬೆನಗಲ್ ನರಸಿಂಗ ರಾಯರು ಸಂವಿಧಾನ ಸಭೆಯ ಸಲಹೆಗಾರರಾಗಿದ್ದರು. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಅಮೆರಿಕದಲ್ಲಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಭೇಟಿಯಾಗಿ ಬಂದ ಮೇಲೆ ರಾಯರು, ಪ್ರಾಣ ಮತ್ತು ಸ್ವಾತಂತ್ರ್ಯದ ರಕ್ಷಣೆಯ ವಿಧಿಯಲ್ಲಿ ಅಮೆರಿಕದ 'ಸೂಕ್ತ ಕಾನೂನು ಪ್ರಕ್ರಿಯೆ' ಎಂಬ ಮಾತನ್ನು ಇಟ್ಟುಕೊಳ್ಳುವುದರ ಅಪಾಯವನ್ನು ಸೂಚಿಸಿದರು. ಭೂಸುಧಾರಣೆಯಂಥ ಶಾಸನಗಳನ್ನು ನ್ಯಾಯಾಧೀಶರು ತಡೆಯಬಹುದೆಂಬ ಆತಂಕ ಆಗಿನದು, ಅದು ನಿರಾಧಾರವೂ ಆಗಿರಲಿಲ್ಲ. ಕೊನೆಗೆ 21ನೆಯ ವಿಧಿಯಲ್ಲಿ 'ಕಾನೂನಿನಿಂದ ಸ್ಥಾಪಿತವಾದ ಪ್ರಕ್ರಿಯೆ' ಎಂಬ ಮಾತು ನಿಂತಿತು. ಪೊವೆಲ್ ತೀರ್ಪು ನಿಂತಿದ್ದುದು ಕೈಬಿಟ್ಟ ಆ ಮಾತಿನ ಮೇಲೆಯೇ. ಭೂಮಿಗಾಗಿ ಹೋರಾಡಿದ ರೈತರಿಗೆ, ಭೂಸುಧಾರಣೆಯನ್ನು ರಕ್ಷಿಸಲೆಂದು ಕೈಬಿಟ್ಟ ಮಾತಿನ ನೆರವು ಸಿಗಲಿಲ್ಲ! 1978ರ ಮೇನಕಾ ಗಾಂಧಿ ಪ್ರಕರಣದ ಅನಂತರವಷ್ಟೇ ಪ್ರಕ್ರಿಯೆಯು ನ್ಯಾಯಸಮ್ಮತವೂ ಆಗಿರಬೇಕೆಂಬ ಅರ್ಥ 21ನೆಯ ವಿಧಿಗೆ ಗಟ್ಟಿಯಾಗಿ ಬಂತು.

ಇನ್ನೊಂದು ಪ್ರಕರಣ ನಿಜಾಮನ ಆಡಳಿತದ ಅಧಿಕಾರಿಯದು. ವರಂಗಲ್ ಸುಬೇದಾರನಾಗಿದ್ದ ಹಬೀಬ್ ಮಹಮ್ಮದ್ ಎಂಬವನ ಮೇಲೆ, 1947ರ ಡಿಸೆಂಬರಿನಲ್ಲಿ ಗುರ್ತೂರು ಎಂಬ ಹಳ್ಳಿಯಲ್ಲಿ ನಡೆದ ಗೋಳಿಬಾರು ಮತ್ತು ಬೆಂಕಿಯ ಹೊಣೆಯನ್ನು ಹೊರಿಸಲಾಗಿತ್ತು. ಘಟನೆಯ ಸ್ಥಳದಲ್ಲಿದ್ದ ಮುಖ್ಯ ಅಧಿಕಾರಿಯನ್ನು ಸರ್ಕಾರದ ಪಕ್ಷವು ಸಾಕ್ಷಿಯಾಗಿ ಕರೆಯಲಿಲ್ಲ. ಆರೋಪಿ ಕೇಳಿದ ಸಾಕ್ಷಿಗಳನ್ನು ಕರೆಸಲು ವಿಚಾರಣಾ ನ್ಯಾಯಾಲಯ ಒಪ್ಪಲಿಲ್ಲ. 1953ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದರಿಂದ ಪ್ರತಿವಾದಕ್ಕೆ ಗಂಭೀರ ಬಾಧೆಯಾಗಿದೆಯೆಂದು ಶಿಕ್ಷೆಯನ್ನು ರದ್ದುಪಡಿಸಿತು. ಇಲ್ಲಿ ಮೇಲ್ಮನವಿಯ ಬಾಗಿಲು ತೆರೆದಿತ್ತು, ಅಷ್ಟೇ ವ್ಯತ್ಯಾಸ.

ಈ ಬಿಡುಗಡೆಯನ್ನು ಆ ದಿನಗಳ ಜನಮನ ಹೇಗೆ ಸ್ವೀಕರಿಸಿರಬಹುದೆಂದು ಊಹಿಸುವುದು ಕಷ್ಟವಲ್ಲ. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯೆಯ ನೆನಪು ಇಂದಿಗೂ ಆರಿಲ್ಲ. ರಜಾಕಾರರ ಹಾವಳಿಯನ್ನು ಕುರಿತು ಈ ಭಾಗದಲ್ಲಿ ಹುಟ್ಟಿದ ಹಾಡು ಮತ್ತು ಕಥನಗಳಲ್ಲಿ ಕಥೆ ಬಹುಮಟ್ಟಿಗೆ ಸೇನೆಯ ಆಗಮನಕ್ಕೆ ಮುಗಿಯುತ್ತದೆ. ನ್ಯಾಯಾಲಯ ಅಲ್ಲಿ ಪಾತ್ರವಾಗಿ ಬರುವುದು ವಿರಳ. ನೊಂದವರ ದೃಷ್ಟಿಯಲ್ಲಿ ಸಾಬೀತುಪಡಿಸಬೇಕಾದುದು ಏನೂ ಉಳಿದಿರಲಿಲ್ಲ. ಕಾರ್ಯಾಚರಣೆಯ ಅನಂತರದ ಹಿಂಸೆಯನ್ನು ಪರಿಶೀಲಿಸಿದ ಪಂಡಿತ ಸುಂದರಲಾಲ್ ಸಮಿತಿಯು ಅತಿಯಾಗಿ ಹಾನಿಗೊಂಡ ಜಿಲ್ಲೆಗಳಲ್ಲಿ ಗುಲಬರ್ಗಾ ಮತ್ತು ಬೀದರುಗಳನ್ನು ಹೆಸರಿಸಿತ್ತು. ಆ ನೋವಿನ ಕಥನಗಳು ಹಾಡುಗಳಾಗಿ ಮೇಲೆ ಬಂದುದು ಇನ್ನೂ ಕಡಿಮೆ. ಹಲಗಲಿಯ ಲಾವಣಿ ತನ್ನವರ ಜವಾಬನ್ನು ಉಳಿಸಿತು. ಆದರೆ ಲಾವಣಿಯು ಎದುರಾಳಿಯ ಜವಾಬನ್ನು 'ದಾಖಲಿಸುವುದಿಲ್ಲ', ಅದು ಅದರ ಕೆಲಸವೂ ಅಲ್ಲ. ಜನರ ನೆನಪು ನ್ಯಾಯಾಲಯದ ಬದಲಿಯಾಗಲಾರದೆಂಬುದನ್ನು ಜನಪದದ ಅಭ್ಯಾಸಿಗಳು ಒಪ್ಪಿಕೊಳ್ಳಬೇಕಾದ ಜಾಗ ಇದು. ಊರೇ ದ್ವೇಷಿಸುವ ಮನುಷ್ಯನಿಗೆ ಜವಾಬಿನ ಕಾಲ ಕೊಡಬಲ್ಲದ್ದು ಬರೆದಿಟ್ಟ ನಿಯಮ ಮಾತ್ರ.

ನ್ಯೂರೆಂಬರ್ಗಿನಿಂದ ಖಂಡ್ವಾದವರೆಗೆ

ಜಗತ್ತೇ ದ್ವೇಷಿಸಿದ ಮನುಷ್ಯರ ವಿಚಾರಣೆ ಅದಾಗಲೇ ನಡೆದಿತ್ತು. ನ್ಯೂರೆಂಬರ್ಗಿನಲ್ಲಿ ಆರೋಪಪಟ್ಟಿ ಕೈದಿಗಳ ಕೈಸೇರಿದುದು 1945ರ ಅಕ್ಟೋಬರ್ ಮಧ್ಯಭಾಗದ ಬಳಿಕ. ವಿಚಾರಣೆ ಆರಂಭವಾದುದು ನವೆಂಬರ್ 20ರಂದು. ಮೂವತ್ತು ದಿನಗಳಾದರೂ ಇರಬೇಕೆಂದು ಅಲ್ಲಿನ ನಿಯಮವಿತ್ತು, ಆರೋಪಿಗೆ ತಿಳಿಯುವ ಭಾಷೆಯ ಅನುವಾದವೂ ಕಡ್ಡಾಯವಾಗಿತ್ತು. ಇಡೀ ಯುದ್ಧದ ಲೆಕ್ಕ ಕೊಡಲು ಒಂದು ತಿಂಗಳು ಬಹಳ ಕಡಿಮೆಯೆಂಬ ಟೀಕೆ ನ್ಯಾಯವಾದದ್ದೇ. ಆದರೂ ವಿಜಯಿಗಳು ಸೋತವರಿಗೆ ದಿನಗಳನ್ನು ಎಣಿಸಿ ಕೊಡಬೇಕೆಂದು ಬರೆದಿಟ್ಟದ್ದು ಒಂದು ಆರಂಭ.

ಹೇಗ್‌ನ ಈಚಿನ ನ್ಯಾಯಾಲಯಗಳಲ್ಲಿ ಪ್ರಶ್ನೆಯ ರೂಪ ಬದಲಾಗಿದೆ. ಹಿಂದೆ ಕಾಗದ ಸಿಗುತ್ತಿರಲಿಲ್ಲ, ಈಗ ಕಾಗದದ ಪ್ರವಾಹ. ಬೋಸ್ನಿಯದ ಸರ್ಬ್ ನಾಯಕ ರಾಡೊವಾನ್ ಕರಾಜಿಚ್ ತನ್ನ ವಾದವನ್ನು ತಾನೇ ನಡೆಸುವೆನೆಂದು ಹಟಹಿಡಿದು, ಲಕ್ಷಾಂತರ ಪುಟಗಳನ್ನು ಓದಲು ಇನ್ನಷ್ಟು ತಿಂಗಳು ಬೇಕೆಂದು ಕೇಳಿದನು. ನ್ಯಾಯಮಂಡಳಿ ಒಪ್ಪಲಿಲ್ಲ. 2009ರ ಅಕ್ಟೋಬರ್ 26ರಂದು ಆರಂಭವಾದ ವಿಚಾರಣೆಯನ್ನು ಅವನು ಬಹಿಷ್ಕರಿಸಿದನು. ಮಂಡಳಿ ಒಬ್ಬ ವಕೀಲರನ್ನು ನೇಮಿಸಿ, ಅವರ ಸಿದ್ಧತೆಗಾಗಿ ವಿಚಾರಣೆಯನ್ನು 2010ರ ಮಾರ್ಚ್‌ವರೆಗೆ ಮುಂದೂಡಿತು. ಕಾಲ ಕೇಳುವುದು ಕಾಲಹರಣದ ತಂತ್ರವೂ ಆಗಬಲ್ಲದೆಂಬುದು ಇಲ್ಲಿ ಸ್ಪಷ್ಟ. ಆದರೂ ನೇಮಕಗೊಂಡ ವಕೀಲರಿಗೆ ಮೂರು ತಿಂಗಳಿಗೂ ಹೆಚ್ಚು ಕಾಲ ಕೊಡುವುದನ್ನು ಮಂಡಳಿ ಬಿಡಲಿಲ್ಲ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವಂತೂ ತನ್ನ ಮೊದಲ ಪ್ರಕರಣವಾದ ಕಾಂಗೊದ ಲುಬಾಂಗನ ವಿಚಾರಣೆಯನ್ನು 2008ರ ಜೂನ್‌ನಲ್ಲಿ ತಡೆಹಿಡಿಯಿತು. ಪ್ರತಿವಾದಕ್ಕೆ ಬೇಕಾದ ದಾಖಲೆಗಳನ್ನು ಗೋಪ್ಯತೆಯ ಹೆಸರಿನಲ್ಲಿ ಕೊಡದಿದ್ದುದು ಕಾರಣ. ಅವು ಲಭ್ಯವಾದ ಬಳಿಕ 2009ರ ಜನವರಿಯಲ್ಲಿ ವಿಚಾರಣೆ ಆರಂಭವಾಯಿತು.

ಭಾರತದಲ್ಲಿ 1968ರ ಬಶೀರಾ ಪ್ರಕರಣದಲ್ಲಿ, ಮರಣದಂಡನೆಯ ಸಂಭವವಿರುವ ಆರೋಪಿಗೆ ವಿಚಾರಣೆಯ ದಿನವೇ ವಕೀಲರನ್ನು ನೇಮಿಸಿ ಸಾಕ್ಷ್ಯ ಆರಂಭಿಸಿದುದನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ತೀರ್ಪು ಸ್ಪಷ್ಟವಾಗಿತ್ತು. ಆದರೂ ನಲವತ್ತೈದು ವರ್ಷಗಳ ಬಳಿಕ ಮಧ್ಯಪ್ರದೇಶದ ಖಂಡ್ವಾದಲ್ಲಿ ಅದೇ ಮರುಕಳಿಸಿತು. 2013ರ ಫೆಬ್ರವರಿ 19ರಂದು ಆರೋಪ ರೂಪಿಸಲಾಯಿತು. ಉಚಿತ ಕಾನೂನು ನೆರವಿನ ವಕೀಲರ ನೇಮಕವೂ ಅಂದೇ. ಮಾರ್ಚ್ 4ರಂದು ಮರಣದಂಡನೆ. ಹದಿಮೂರು ದಿನಗಳು. ಹಲಗಲಿಯ ದಾಳಿಯಿಂದ ನೇಣಿನವರೆಗೆ ಹಿಡಿದುದೂ ಹೆಚ್ಚುಕಡಿಮೆ ಅಷ್ಟೇ ಕಾಲ. ಅನೋಖಿಲಾಲ್ ಪ್ರಕರಣವೆಂದು ಹೆಸರಾದ ಇದರಲ್ಲಿ 2019ರ ಡಿಸೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯವು ಶಿಕ್ಷೆಯನ್ನು ರದ್ದುಪಡಿಸಿ, ಹೊಸದಾಗಿ ವಿಚಾರಣೆಗೆ ಆದೇಶಿಸಿತು. ಮರಣ ಅಥವಾ ಜೀವಾವಧಿ ಶಿಕ್ಷೆಯ ಸಂಭವವಿದ್ದಲ್ಲಿ ನ್ಯಾಯಾಲಯ ನೇಮಿಸುವ ವಕೀಲರಿಗೆ ಕನಿಷ್ಠ ಹತ್ತು ವರ್ಷಗಳ ಅನುಭವವಿರಬೇಕು, ಸಿದ್ಧತೆಗೆ ಸಾಮಾನ್ಯವಾಗಿ ಏಳು ದಿನಗಳಾದರೂ ದೊರೆಯಬೇಕು ಎಂದು ಅದು ಹೇಳಿತು. ಅನಂತರವೂ ಆ ಪ್ರಕರಣ ಒಮ್ಮೆ ಮರಣದಂಡನೆಗೆ ಹೋಗಿ, ರದ್ದಾಗಿ, ಮತ್ತೆ ವಿಚಾರಣೆಗೆ ಬಂದು, 2024ರ ಮಾರ್ಚ್‌ನಲ್ಲಿ ಬಿಡುಗಡೆಯಲ್ಲಿ ಮುಗಿಯಿತು. ಹದಿಮೂರು ದಿನಗಳ ಅವಸರಕ್ಕೆ ಹನ್ನೊಂದು ವರ್ಷ ತಗಲಿತು. ಸತ್ತ ಮಗುವಿನ ಮನೆಯವರಿಗೂ ಆ ಹನ್ನೊಂದು ವರ್ಷಗಳಿಂದ ನ್ಯಾಯ ದೊರೆತಂತಾಗಲಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ವೇಗಕ್ಕೆ ಹೆಚ್ಚು ಒತ್ತು ಕೊಟ್ಟಿದೆ. ಆರೋಪಿ ಹಾಜರಾದ ಹದಿನಾಲ್ಕು ದಿನಗಳೊಳಗೆ ಪೊಲೀಸ್ ವರದಿ ಮತ್ತು ದಾಖಲೆಗಳ ಪ್ರತಿಯನ್ನು ಅವನಿಗೆ ಒದಗಿಸಬೇಕೆಂಬ ನಿಯಮ ಸ್ವಾಗತಾರ್ಹ. ಆರೋಪ ರೂಪಿಸಲು, ಬಿಡುಗಡೆಯ ಅರ್ಜಿ ಹಾಕಲು, ತೀರ್ಪು ನೀಡಲು ಕೂಡ ಗಡುವುಗಳಿವೆ, ಮುಂದೂಡಿಕೆಗೆ ಮಿತಿಯಿದೆ. ಏಳು ದಿನಗಳ ಸಿದ್ಧತೆ ಮಾತ್ರ ಸಂಹಿತೆಯಲ್ಲಿ ಇಲ್ಲ, ಅದು ತೀರ್ಪಿನಲ್ಲಿದೆ. ಗಡುವು ಶಾಸನವಾಯಿತು, ಮೊಹಲತ್ತು ಇನ್ನೂ ನ್ಯಾಯಾಧೀಶರ ಮಾತಾಗಿಯೇ ಉಳಿದಿದೆ. ತಾಜಸುಲ್ತಾನಪುರದಿಂದ ಈಗ ಉಚ್ಚ ನ್ಯಾಯಾಲಯದ ಪೀಠಕ್ಕೆ ಹೋಗಿ ಸಂಜೆಗೆ ಮನೆ ಸೇರಬಹುದು. ಆದರೆ ಮೇಲಿನ ನ್ಯಾಯಾಲಯದ ದಾಖಲೆಗಳು ಇಂಗ್ಲಿಷಿನಲ್ಲಿರುವುದರಿಂದ ಓದಿ ಹೇಳುವವನನ್ನು ಹುಡುಕುವ ಕೆಲಸ ಪೂರ್ತಿ ತಪ್ಪಿಲ್ಲ.

ಸಂಶೋಧಕರಿಗೆ ಇಲ್ಲಿ ತುರ್ತಾದ ಕೆಲಸವೊಂದಿದೆ. 1948-50ರ ವಿಚಾರಣೆಗಳ ಕುರಿತು ಅಚ್ಚಾದ ತೀರ್ಪುಗಳು ಗ್ರಂಥಾಲಯಗಳಲ್ಲಿ ದೊರೆಯುತ್ತವೆ. ಆದರೆ ವಿಚಾರಣೆಗೆ ಒಳಗಾದವರ ಮನೆಗಳಲ್ಲಿ ಏನು ಹೇಳುತ್ತಾ ಬಂದರು, ವಕೀಲರಿಗಾಗಿ ಯಾವ ಎತ್ತು ಮಾರಿದರು, ಉರ್ದು ಕಾಗದವನ್ನು ಯಾರಿಂದ ಓದಿಸಿದರು, ಸಾಕ್ಷಿ ಹೇಳಲು ಯಾರು ಒಪ್ಪಿದರು, ಯಾರು ಹೆದರಿದರು ಎಂಬ ವಿವರಗಳು ಹಿಂದೂ ಮುಸ್ಲಿಂ ಎರಡೂ ಮನೆಗಳಲ್ಲಿ ಬಾಯಿಮಾತಿನಲ್ಲಿವೆ. ಪೊಲೀಸ್ ಕಾರ್ಯಾಚರಣೆಯ ವರ್ಷ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಕ್ಷೇತ್ರಕಾರ್ಯಕ್ಕೆ ಉಳಿದಿರುವ ವರ್ಷಗಳು ಹೆಚ್ಚಿಲ್ಲ.